ಪರಮಪ್ರಸಾದವಿಲ್ಲದ 30 ವರ್ಷ: ಸಂತ ಮಾರ್ಕ್ ಜಿ ಟಿಯಾನ್‌ಶಿಯಾಂಗ್

ಜುಲೈ 9ರಂದು ಧರ್ಮಸಭೆಯು ಚೀನಾದ 120 ರಕ್ತಸಾಕ್ಷಿಗಳನ್ನು ಸ್ಮರಿಸುತ್ತದೆ. ಅವರಲ್ಲಿ ಒಬ್ಬರು ಅಫೀಮಿನ ಚಟದಿಂದ ಕೊನೆಯವರೆಗೂ ಬಿಡಿಸಿಕೊಳ್ಳಲಾಗದೆ ಹೋದವರು, ಅದೇ ಕಾರಣಕ್ಕೆ 30 ವರ್ಷ ಪರಮಪ್ರಸಾದದಿಂದ ದೂರ ಉಳಿದವರು. ಅವರೇ ಸಂತ ಮಾರ್ಕ್ ಜಿ ಟಿಯಾನ್‌ಶಿಯಾಂಗ್. ಕುಡಿತ, ಗಾಂಜಾ, ಮಾತ್ರೆಗಳಿಂದ ನೊಂದ ಮನೆಗಳು ತೇನಿ, ಕಂಬಂ ಕಣಿವೆ, ದಿಂಡಿಗಲ್ ಕಡೆಯ ನಮ್ಮ ಜನರಲ್ಲೂ ಇವೆ. ಆದ್ದರಿಂದ ಈ ಸಂತರ ಬಾಳು ನಮಗೆ ದೂರದ ಕಥೆಯಲ್ಲ.

ಮಾರ್ಕ್ ಅವರು 1834ರಲ್ಲಿ ಈಗಿನ ಹೆಬೇ ಪ್ರಾಂತ್ಯದ ಒಂದು ಕ್ರೈಸ್ತ ಮನೆತನದಲ್ಲಿ ಹುಟ್ಟಿದರು. ವೈದ್ಯವೃತ್ತಿ ಕಲಿತು ಊರಿಗೆಲ್ಲ ಬೇಕಾದವರಾದರು. ಬಡವರು ಬಂದರೆ ಹಣ ಕೇಳದೆ ಮದ್ದು ಕೊಡುತ್ತಿದ್ದರು. ಮಕ್ಕಳು, ಮೊಮ್ಮಕ್ಕಳನ್ನು ಕಂಡ ತುಂಬು ಸಂಸಾರ ಅವರದು. ಊರಿನ ಕ್ರೈಸ್ತರ ನಡುವೆ ಅವರ ಮಾತಿಗೆ ಬೆಲೆಯಿತ್ತು.

ನಡುವಯಸ್ಸಿನಲ್ಲಿ ಅವರಿಗೆ ಹೊಟ್ಟೆಯ ಕಾಯಿಲೆ ಬಂತು. ಆಗ ನೋವಿಗೆ ಅಫೀಮು ಕೊಡುವುದು ವಾಡಿಕೆ. ತಾವೇ ವೈದ್ಯರು, ತಾವೇ ಮದ್ದು ತೆಗೆದುಕೊಂಡರು. ಕಾಯಿಲೆ ಇಳಿಯಿತು, ಅಫೀಮು ಮಾತ್ರ ಅವರನ್ನು ಬಿಡಲಿಲ್ಲ. ಈ ಅಫೀಮು ಚೀನಾವನ್ನು ಹೊಕ್ಕ ಕಥೆಯಲ್ಲಿ ನಮ್ಮ ನೆಲದ ಹೆಸರೂ ಇದೆ. ಈಸ್ಟ್ ಇಂಡಿಯಾ ಕಂಪನಿಯು ಬಿಹಾರದ ಕಡೆ ಬೆಳೆಸಿದ ಅಫೀಮನ್ನು ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ವ್ಯಾಪಾರಿಗಳು ಅದನ್ನು ಹಡಗಿನಲ್ಲಿ ಚೀನಾಕ್ಕೆ ಸಾಗಿಸುತ್ತಿದ್ದರು. ಇದನ್ನು ತಡೆಯಹೊರಟ ಚೀನಾದ ಮೇಲೆ ಬ್ರಿಟಿಷರು 1839ರಲ್ಲಿ ಯುದ್ಧವನ್ನೇ ಹೂಡಿದರು. ಮಾರ್ಕ್ ಅವರ ಕಾಲಕ್ಕೆ ಹಳ್ಳಿ ಹಳ್ಳಿಗೂ ಈ ಪಿಡುಗು ಮುಟ್ಟಿತ್ತು.

ಮಾರ್ಕ್ ಪಾಪನಿವೇದನೆಗೆ ಹೋದರು. ಮತ್ತೆ ಮತ್ತೆ ಹೋದರು. ಪ್ರತಿ ಸಲವೂ ಅದೇ ಪಾಪ, ಅದೇ ಕಣ್ಣೀರು. ಕೊನೆಗೆ ಗುರುಗಳು ಪಾಪಕ್ಷಮೆ ನೀಡಲು ಒಪ್ಪಲಿಲ್ಲ. ಬಿಡುವ ದೃಢಸಂಕಲ್ಪ ಇಲ್ಲದಿದ್ದರೆ ಪಶ್ಚಾತ್ತಾಪ ನಿಜವಾದುದಲ್ಲ ಎಂದು ಅವರು ಎಣಿಸಿದರು. ಚಟ ಬಿಟ್ಟು ಬಂದರೆ ಮಾತ್ರ ಸಂಸ್ಕಾರ ಎಂದಾಯಿತು. ಮಾರ್ಕ್‌ಗೆ ಬಿಡಲಾಗಲಿಲ್ಲ. ಹೀಗೆ 30 ವರ್ಷ ಕಳೆದವು. ಬೇರೆಯವರಾಗಿದ್ದರೆ ಮುನಿಸಿಕೊಂಡು ದೇವಾಲಯದ ದಾರಿಯನ್ನೇ ಮರೆಯುತ್ತಿದ್ದರೇನೋ. ಅವರು ಮಾತ್ರ ಪೂಜೆ ಪ್ರಾರ್ಥನೆ ಬಿಡಲಿಲ್ಲ. ರಕ್ತಸಾಕ್ಷಿಯಾಗಿ ಸಾಯುವ ವರವನ್ನು ದೇವರಲ್ಲಿ ಬೇಡುತ್ತಿದ್ದರು. ಸ್ವರ್ಗಕ್ಕೆ ತಮಗೆ ಉಳಿದಿರುವ ದಾರಿ ಅದೊಂದೇ ಎಂದು ಅವರು ನಂಬಿದ್ದರು.

ಆ ಗುರುಗಳನ್ನು ನಾವು ಕಲ್ಲೆದೆಯವರೆಂದು ದೂರಬೇಕಾಗಿಲ್ಲ. ಚಟವನ್ನು ಕಾಯಿಲೆಯೆಂದು ಅಳೆದು ನೋಡುವ ವಿದ್ಯೆ ಆಗ ಯಾರ ಬಳಿಯೂ ಇರಲಿಲ್ಲ. ಇಂದು ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 10ನೇ ಆವೃತ್ತಿ 6 ಲಕ್ಷಣಗಳನ್ನು ಹೇಳುತ್ತದೆ: ಬೇಕೇ ಬೇಕೆನ್ನುವ ತುಡಿತ, ಎಷ್ಟಕ್ಕೆ ನಿಲ್ಲಿಸಬೇಕೆಂಬ ಹಿಡಿತ ತಪ್ಪುವುದು, ನಿಲ್ಲಿಸಿದಾಗ ಮೈಗೆ ಬಾಧೆ, ಮೊದಲಿನ ಪ್ರಮಾಣ ಸಾಲದಾಗುವುದು, ಬೇರೆಲ್ಲ ಕೆಲಸ ಸಂತೋಷಗಳು ಹಿಂದೆ ಬೀಳುವುದು, ಕೇಡು ಕಣ್ಣಿಗೆ ಕಂಡರೂ ಮುಂದುವರಿಸುವುದು. ಒಂದು ವರ್ಷದೊಳಗೆ ಇವುಗಳಲ್ಲಿ 3 ಅಥವಾ ಹೆಚ್ಚು ಒಟ್ಟಿಗೆ ಕಂಡರೆ ಅದು ವ್ಯಸನದ ಕಾಯಿಲೆ. ತರಬೇತಿ ಪಡೆದ ಕಾರ್ಯಕರ್ತರು ವ್ಯಸನಿಯನ್ನು ಕಂಡಾಗ ಮೊದಲು ಇವನ್ನು ವಿಚಾರಿಸುತ್ತಾರೆ. ಬೈಯುವುದರಿಂದ ಶುರುಮಾಡುವುದಿಲ್ಲ.

1900ರಲ್ಲಿ ಬಾಕ್ಸರ್ ದಂಗೆ ಎದ್ದಿತು. ವಿದೇಶಿಯರ ಮೇಲಿನ ಸಿಟ್ಟು ಚೀನೀ ಕ್ರೈಸ್ತರ ಮೇಲೂ ತಿರುಗಿತು. ಮಾರ್ಕ್ ಅವರನ್ನು ಮನೆಮಂದಿಯೊಂದಿಗೆ ಹಿಡಿದು ಎಳೆದೊಯ್ದರು. ವಿಶ್ವಾಸ ತೊರೆದರೆ ಜೀವ ಉಳಿಯುತ್ತಿತ್ತು. ಒಂದು ಚಟವನ್ನೇ ಬಿಡಲಾಗದವರು ಇಲ್ಲಿ ಗಟ್ಟಿಯಾಗಿ ನಿಲ್ಲುವರೆಂದು ಯಾರು ತಾನೆ ನಿರೀಕ್ಷಿಸಿಯಾರು? ಅವರು ನಿಂತರು. ತಮ್ಮವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದೆಂದು, ತಮ್ಮನ್ನು ಎಲ್ಲರಿಗಿಂತ ಕೊನೆಗೆ ಕೊಲ್ಲುವಂತೆ ಕೇಳಿಕೊಂಡರು. ಒಬ್ಬೊಬ್ಬರ ತಲೆ ಉರುಳುವಾಗಲೂ ಪಕ್ಕದಲ್ಲೇ ಇದ್ದು, ಕೊನೆಗೆ ಮಾತೆ ಮರಿಯಮ್ಮನವರ ಮನವಿಮಾಲೆಯನ್ನು ಹಾಡುತ್ತಾ ತಾವೂ ಕತ್ತಿಗೆ ತಲೆಯೊಡ್ಡಿದರು. ಅಂದು ಜುಲೈ 7. 2000ದ ಅಕ್ಟೋಬರ್ 1ರಂದು ಜಗದ್ಗುರು ಎರಡನೇ ಜಾನ್ ಪೌಲರು ಅವರನ್ನು ಸಂತರ ಸಾಲಿಗೆ ಸೇರಿಸಿದರು. ಒಂದು ಕಾಲಕ್ಕೆ ಪರಮಪ್ರಸಾದ ಸಿಗದವರು ಇಂದು ಪೀಠದ ಮೇಲೆ ಸ್ಮರಣೆಗೊಳ್ಳುತ್ತಾರೆ.

ಈ ಬಾಳಿನಿಂದ ನಾವು ಕಲಿಯುವುದೇನು? ಚಟವುಳ್ಳವರ ವಿಶ್ವಾಸವನ್ನು ಹಗುರವಾಗಿ ಕಾಣಬಾರದು ಎಂಬುದು ಒಂದು. ಇನ್ನೊಂದು, ಮಾರ್ಕ್‌ಗೆ ಸಿಗದ ನೆರವು ನಮ್ಮವರಿಗೆ ಸಿಗುವಂತೆ ನೋಡಿಕೊಳ್ಳುವುದು. ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ ಕುಡಿತದ ಕಾಯಿಲೆಯಿರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕಂಬಂ ಕಣಿವೆಯ ದ್ರಾಕ್ಷಿ ತೋಟಗಳ ನಡುವೆಯೂ ದಿಂಡಿಗಲ್ ಕಡೆಯೂ ತಲೆಮಾರುಗಳಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳಿವೆ. ಪೇಟೆಗೆ, ಶಾಲೆಗೆ, ಆಸ್ಪತ್ರೆಗೆ ತಮಿಳು ಸಾಕು. ಆದರೆ ರಾತ್ರಿ ನಿದ್ದೆ ಬಾರದ್ದು, ಕೈ ನಡುಗುವುದು, ಹೆಂಡತಿಯ ತಾಳಿ ಅಡವಿಟ್ಟದ್ದು, ಇಂಥವನ್ನು ಮನೆಮಾತಿನಲ್ಲಿ ಕೇಳಿದರೆ ಮಾತ್ರ ಬಾಯಿಗೆ ಬರುತ್ತವೆ. ಆದ್ದರಿಂದ ಎರಡೂ ಭಾಷೆ ಬಲ್ಲ ಕಾರ್ಯಕರ್ತರು ನಮಗೆ ಬೇಕು.

ಒಳ್ಳೆಯ ಮನಸ್ಸೊಂದೇ ಸಾಲದು, ಕಲಿಕೆಯೂ ಬೇಕು. ಬಹುಕಾಲ ವಿಪರೀತ ಕುಡಿದವರನ್ನು ಒಮ್ಮೆಲೇ ಕುಡಿತ ನಿಲ್ಲಿಸಿ ಕೋಣೆಯಲ್ಲಿ ಕೂಡಿಹಾಕಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೂ ಹೋಗಬಹುದು. ಅಂಥವರು ಮೊದಲು ಆಸ್ಪತ್ರೆ ಸೇರಬೇಕು. ಅಫೀಮಿನ ಜಾತಿಯ ಚಟಕ್ಕೆ ಬ್ಯುಪ್ರೆನಾರ್ಫಿನ್, ಮೆಥಡೋನ್ ಎಂಬ ಔಷಧಗಳನ್ನು ವೈದ್ಯರು ಕೊಡುತ್ತಾರೆ. ಅದರ ಬೆನ್ನಿಗೆ ತಿಂಗಳುಗಟ್ಟಲೆ ಆಪ್ತಸಲಹೆ, ಮನೆಯವರಿಗೂ ತಿಳಿವಳಿಕೆ ಬೇಕು. ಬಿಟ್ಟವರು ಮತ್ತೆ ಜಾರಿದರೆ ಹೊರಗಟ್ಟದೆ ಚಿಕಿತ್ಸೆಯನ್ನು ಮತ್ತೆ ಹೊಂದಿಸಬೇಕು. ಬೆಂಗಳೂರಿನ ನಿಮ್ಹಾನ್ಸ್, ಚೆನ್ನೈನ ಟಿ.ಟಿ.ಕೆ. ಆಸ್ಪತ್ರೆ ಇಂಥ ತರಬೇತಿ ನೀಡುತ್ತವೆ. ಸಂಕಟದಲ್ಲಿರುವ ಮನೆಯವರು 14446ಕ್ಕೆ ಉಚಿತವಾಗಿ ಕರೆ ಮಾಡಬಹುದು.

ನಮ್ಮ ಯುವಜನರಲ್ಲಿ ಒಬ್ಬಿಬ್ಬರನ್ನಾದರೂ ಈ ಕಲಿಕೆಗೆ ಕಳುಹಿಸೋಣ. ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಇದನ್ನು ಮಾತಾಡೋಣ. ಪೂಜೆಯ ವೇಳೆ ಹಿಂದಿನ ಬಾಗಿಲ ಬಳಿ ತಲೆತಗ್ಗಿಸಿ ನಿಲ್ಲುವ ಅಣ್ಣನನ್ನು ಕಂಡಾಗ, 30 ವರ್ಷ ಹಾಗೆಯೇ ನಿಂತ ಈ ವೈದ್ಯರನ್ನು ನೆನೆಯೋಣ.

ಸಂತ ಮಾರ್ಕ್ ಜಿ ಟಿಯಾನ್‌ಶಿಯಾಂಗರೇ, ನಮಗಾಗಿ ಪ್ರಾರ್ಥಿಸಿರಿ.