ಜನರ ನಡುವೆ ನಿಂತು ಹೇಳಿದ ವಿಶ್ವಾಸ

ಭಾನುವಾರದ ಬಲಿಪೂಜೆಯಲ್ಲಿ ಪ್ರಬೋಧನೆ ಮುಗಿದ ಮೇಲೆ ನಾವೆಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣವನ್ನು ಹೇಳುತ್ತೇವೆ. ಬಾಯಿಪಾಠವಾದ ಮಾತುಗಳು; ಎಷ್ಟೋ ಸಲ ಮನಸ್ಸು ಬೇರೆಲ್ಲೋ ಇರುತ್ತದೆ. ದೇವರನ್ನು ಮನದಲ್ಲೇ ನಂಬಿದರೆ ಸಾಲದೇ, ಎಲ್ಲರೊಡನೆ ಬಾಯಿಬಿಟ್ಟು ಹೇಳಬೇಕೇ ಎಂದು ನಿಮಗೂ ಅನಿಸಿರಬಹುದು. ನಾಲ್ಕನೆಯ ಶತಮಾನದಲ್ಲಿ ರೋಮಿನ ಹೆಸರಾಂತ ಪಂಡಿತ ಮಾರಿಯುಸ್ ವಿಕ್ಟೋರಿನುಸ್ ಅವರಿಗೂ ಹಾಗೆಯೇ ಅನಿಸಿತ್ತು.

ಆಫ್ರಿಕಾದಲ್ಲಿ ಹುಟ್ಟಿದ ವಿಕ್ಟೋರಿನುಸ್ ರೋಮಿನಲ್ಲಿ ಭಾಷಣಕಲೆಯನ್ನು ಕಲಿಸುವ ಗುರುವಾದರು. ಗ್ರೀಕ್ ತತ್ವಜ್ಞಾನಿಗಳ ಗ್ರಂಥಗಳನ್ನು ಲತೀನ್ ಭಾಷೆಗೆ ತಂದರು. ಸೆನೆಟ್ ಸಭೆಯ ಸದಸ್ಯರೇ ಅವರ ಶಿಷ್ಯರಾಗಿದ್ದರು. 354ರ ಸುಮಾರಿಗೆ ನಗರದ ಚೌಕದಲ್ಲಿ ಅವರ ಪ್ರತಿಮೆಯನ್ನೂ ನಿಲ್ಲಿಸಲಾಗಿತ್ತು. ಮುಪ್ಪಿನವರೆಗೂ ಅವರು ರೋಮಿನ ಹಳೆಯ ದೇವತೆಗಳ ಪರವಾಗಿಯೇ ವಾದಿಸಿದವರು.

ಆದರೆ ಪವಿತ್ರ ಗ್ರಂಥದ ಓದು ಅವರ ಮನಸ್ಸನ್ನು ಬದಲಿಸಿತು. ತಾನೀಗ ಕ್ರೈಸ್ತನೆಂದು ಗೆಳೆಯರಾದ ಸಿಂಪ್ಲಿಸಿಯಾನುಸ್ ಅವರಿಗೆ ಗುಟ್ಟಾಗಿ ತಿಳಿಸಿದರು. ದೇವಾಲಯದಲ್ಲಿ ಕಾಣುವ ತನಕ ನಂಬುವುದಿಲ್ಲ ಎಂದರು ಗೆಳೆಯರು. ಹಾಗಾದರೆ ಕ್ರೈಸ್ತರನ್ನು ಮಾಡುವುದು ಗೋಡೆಗಳೇ ಎಂದು ವಿಕ್ಟೋರಿನುಸ್ ನಗುತ್ತಿದ್ದರು. ಆ ನಗೆಯ ಹಿಂದೆ ಇದ್ದದ್ದು ಭಯ. ದೊಡ್ಡ ಮನೆತನಗಳ ಸ್ನೇಹ ಕಳೆದುಹೋದೀತೆಂಬ ಭಯ.

ಕೊನೆಗೊಂದು ದಿನ, ಜನರ ಮುಂದೆ ಕ್ರಿಸ್ತರನ್ನು ಒಪ್ಪಿಕೊಳ್ಳಲು ಅಂಜಿದರೆ ಕ್ರಿಸ್ತರು ತನ್ನನ್ನು ಒಪ್ಪಿಕೊಳ್ಳುವರೇ ಎಂಬ ಅಳುಕು ಹುಟ್ಟಿತು. ದೇವಾಲಯಕ್ಕೆ ಹೋಗೋಣವೆಂದು ತಾವಾಗಿಯೇ ಗೆಳೆಯರನ್ನು ಕರೆದರು.

ಆಗ ರೋಮಿನಲ್ಲಿ ದೀಕ್ಷಾಸ್ನಾನ ಪಡೆಯುವವರು ಎತ್ತರದ ಸ್ಥಳದಲ್ಲಿ ನಿಂತು, ಸಭೆಯ ಮುಂದೆ ವಿಶ್ವಾಸ ಪ್ರಮಾಣವನ್ನು ಬಾಯಿಪಾಠವಾಗಿ ಹೇಳಬೇಕಿತ್ತು. ಸಂಕೋಚಪಡುವವರಿಗೆ ಖಾಸಗಿಯಾಗಿ ಹೇಳುವ ಅವಕಾಶವೂ ಇತ್ತು. ಯಾಜಕರು ಅದನ್ನು ಸೂಚಿಸಿದಾಗ ವಿಕ್ಟೋರಿನುಸ್ ಬೇಡವೆಂದರು. ಭಾಷಣಕಲೆಯನ್ನೇ ಬಹಿರಂಗವಾಗಿ ಕಲಿಸಿದವನು ರಕ್ಷಣೆಯ ಮಾತನ್ನು ಮರೆಯಲ್ಲಿ ಹೇಳುವುದೇ? ಅವರು ಮೇಲೇರಿದಾಗ ಸಭೆಯಲ್ಲೆಲ್ಲ ಅವರ ಹೆಸರು ಸಂತೋಷದ ಪಿಸುಮಾತಾಗಿ ಹರಡಿತು. ಮರುಕ್ಷಣ ಎಲ್ಲರೂ ಮೌನವಾಗಿ ಆಲಿಸಿದರು.

362ರಲ್ಲಿ ಜೂಲಿಯನ್ ಚಕ್ರವರ್ತಿ ಕ್ರೈಸ್ತರು ಪಾಠ ಹೇಳಬಾರದೆಂದು ಕಟ್ಟಳೆ ಹೊರಡಿಸಿದ. ವಿಕ್ಟೋರಿನುಸ್ ಶಾಲೆಯನ್ನು ಬಿಟ್ಟರು, ವಿಶ್ವಾಸವನ್ನು ಬಿಡಲಿಲ್ಲ. 386ರಲ್ಲಿ ಮಿಲಾನಿನಲ್ಲಿ ವಯೋವೃದ್ಧ ಸಿಂಪ್ಲಿಸಿಯಾನುಸ್ ಈ ಕಥೆಯನ್ನು, ತಾವೂ ಭಾಷಣಕಲೆಯ ಗುರುವಾಗಿದ್ದ ಆಗಸ್ಟೀನರಿಗೆ ಹೇಳಿದರು. ಮರುವರ್ಷದ ಪಾಸ್ಕ ಹಬ್ಬದಲ್ಲಿ ಆಗಸ್ಟೀನರೂ ದೀಕ್ಷಾಸ್ನಾನ ಪಡೆದರು.

ನೋಡಿದಿರಾ, ಒಬ್ಬರು ಬಾಯಿಬಿಟ್ಟು ಹೇಳಿದ ವಿಶ್ವಾಸ ಇನ್ನೊಬ್ಬರ ಬಾಳಿಗೆ ದಾರಿಯಾಯಿತು. ಮುಂದಿನ ಭಾನುವಾರ ನಿಮ್ಮ ಪಕ್ಕದಲ್ಲಿ ನಿಂತವರು ಯಾವ ಸಂಕಟವನ್ನು ಹೊತ್ತು ಬಂದಿರುವರೋ ನಿಮಗೆ ತಿಳಿಯದು. ಅವರ ದನಿ ನಡುಗಿದಾಗ ನಿಮ್ಮ ದನಿ ಅವರಿಗೆ ಆಸರೆಯಾಗಲಿ; ನಿಮ್ಮ ದನಿ ಉಡುಗಿದ ದಿನ ಅವರ ದನಿ ನಿಮ್ಮನ್ನು ಹಿಡಿದು ನಿಲ್ಲಿಸೀತು. ಸ್ವಲ್ಪ ಗಟ್ಟಿಯಾಗಿಯೇ ಹೇಳಿ.