ಕಿಂಡರ್‌ಗಾರ್ಟನ್ ಜನಕ ಫ್ರೆಡರಿಕ್ ಫ್ರೋಬೆಲ್

ಎಲ್.ಕೆ.ಜಿ., ಯು.ಕೆ.ಜಿ. ಎಂಬ ಪದಗಳು ಇಂದು ನಮ್ಮ ಮನೆಮನೆಗಳಲ್ಲೂ ಕೇಳಿಬರುತ್ತವೆ. ಅವುಗಳಲ್ಲಿರುವ ಕೆ.ಜಿ. ಎಂದರೆ ಕಿಂಡರ್‌ಗಾರ್ಟನ್. ಜರ್ಮನ್ ಭಾಷೆಯಲ್ಲಿ ಇದಕ್ಕೆ ಮಕ್ಕಳ ತೋಟ ಎಂದರ್ಥ. ಈ ಹೆಸರನ್ನು ಕೊಟ್ಟ ಫ್ರೆಡರಿಕ್ ಫ್ರೋಬೆಲ್ ಅವರ ಬಗ್ಗೆ ಬಿ.ಎಡ್. ಓದುವಾಗ ನಾನೂ ಪರೀಕ್ಷೆಗೆಂದು ನಾಲ್ಕು ಸಾಲು ಬಾಯಿಪಾಠ ಮಾಡಿದ್ದೆ. ಆದರೆ ಅವರು ಖನಿಜಗಳ ಹರಳುಗಳನ್ನು ಅಭ್ಯಾಸ ಮಾಡಿದ ವಿಜ್ಞಾನದ ವಿದ್ಯಾರ್ಥಿ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಪುಟ್ಟ ಮಕ್ಕಳಿಗೆ ವಿಜ್ಞಾನ ಏಕೆ, ಮೊದಲು ಅಕ್ಷರ ಕಲಿಯಲಿ ಎನ್ನುವ ಪೋಷಕರನ್ನು ಕಂಡಾಗಲೆಲ್ಲ ನನಗೆ ಇವರ ಬದುಕು ನೆನಪಾಗುತ್ತದೆ.

ಫ್ರೋಬೆಲ್ ಜನಿಸಿದ್ದು 1782ರ ಏಪ್ರಿಲ್ 21ರಂದು, ಜರ್ಮನಿಯ ತುರಿಂಗಿಯಾ ಪ್ರದೇಶದ ಓಬರ್‌ವೈಸ್‌ಬಾಕ್ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ತಂದೆಗೆ ಬಿಡುವಿಲ್ಲ, ಮಲತಾಯಿಗೆ ಅಕ್ಕರೆಯಿಲ್ಲ. ಹತ್ತನೆಯ ವಯಸ್ಸಿನಲ್ಲಿ ಸೋದರಮಾವ ಮನೆಗೆ ಕರೆದೊಯ್ದ ಮೇಲೆಯೇ ಬಾಲಕನಿಗೆ ಪ್ರೀತಿಯ ಪರಿಚಯವಾಯಿತು. ಹದಿನೈದನೆಯ ವಯಸ್ಸಿನಲ್ಲಿ ಅರಣ್ಯಾಧಿಕಾರಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿ, ಕಾಡಿನ ಗಿಡಮರಗಳ ನಡುವೆ ಸಸ್ಯಶಾಸ್ತ್ರ, ರೇಖಾಗಣಿತಗಳನ್ನು ಹೆಚ್ಚಾಗಿ ತಾವೇ ಓದಿಕೊಂಡರು. 1799ರಲ್ಲಿ ಯೇನಾ ವಿಶ್ವವಿದ್ಯಾಲಯಕ್ಕೆ ಸೇರಿದರಾದರೂ ಸಾಲ ತೀರಿಸಲಾಗದೆ ವಿಶ್ವವಿದ್ಯಾಲಯದ್ದೇ ಸೆರೆಮನೆಯಲ್ಲಿ ಒಂಬತ್ತು ವಾರ ಕಳೆಯಬೇಕಾಯಿತು! ಓದು ಅಲ್ಲಿಗೆ ನಿಂತಿತು. ಕೆಲವು ವರ್ಷ ಭೂಮಾಪನ, ಲೆಕ್ಕಪತ್ರ ಎಂದು ಸಿಕ್ಕ ಕೆಲಸ ಮಾಡಿದರು. 1805ರಲ್ಲಿ ಫ್ರಾಂಕ್‌ಫರ್ಟ್‌ನ ಶಾಲೆಯೊಂದರಲ್ಲಿ ಶಿಕ್ಷಕರಾದರು. ನಂತರ ಸ್ವಿಟ್ಜರ್ಲೆಂಡಿಗೆ ಹೋಗಿ, ಹೆಸರಾಂತ ಶಿಕ್ಷಣತಜ್ಞ ಪೆಸ್ತಾಲೋಜಿಯವರ ಶಾಲೆಯಲ್ಲಿದ್ದುಕೊಂಡು ಬೋಧನೆಯ ಕ್ರಮವನ್ನು ಕಣ್ಣಾರೆ ಕಂಡರು.

ಅವರ ಬದುಕಿನ ಮುಖ್ಯ ತಿರುವು ಬರ್ಲಿನ್ನಿನದು. 1812ರಲ್ಲಿ ಅಲ್ಲಿ ಖನಿಜಶಾಸ್ತ್ರಜ್ಞ ವೈಸ್ ಅವರ ಶಿಷ್ಯರಾದರು. ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಸ್ವಯಂಸೇವಕ ಸೈನಿಕರಾಗಿದ್ದು ಮರಳಿ, 1814ರಿಂದ ವೈಸ್ ಅವರ ಖನಿಜ ಸಂಗ್ರಹಾಲಯದಲ್ಲೇ ಸಹಾಯಕರಾಗಿ ಕೆಲಸ ಮಾಡಿದರು. ಹರಳುಗಳನ್ನು ವಿಂಗಡಿಸಿ ಜೋಡಿಸುವುದು ಅವರ ಕೆಲಸ. ಒಂದು ಖನಿಜ ಎಲ್ಲಿ ಸಿಕ್ಕರೂ ಅದರ ಹರಳಿನ ಮುಖಗಳು ಅವೇ ಕೋನಗಳಲ್ಲಿ ಕೂಡಿರುತ್ತವೆ. ಸರಳ ರೂಪದಿಂದ ಸಂಕೀರ್ಣ ರೂಪಕ್ಕೆ ಬೆಳೆಸುವ ಇಂಥ ನಿಯಮ ಮಗುವಿನ ಮನಸ್ಸಿನಲ್ಲೂ ಇದೆಯೆಂದು ಅವರಿಗೆ ದೃಢವಾಯಿತು. 1816ರಲ್ಲಿ ಆ ಉದ್ಯೋಗ ಬಿಟ್ಟು, ತಮ್ಮ ಅಣ್ಣಂದಿರ ಐವರು ಮಕ್ಕಳನ್ನಿಟ್ಟುಕೊಂಡು ಶಾಲೆ ತೆರೆದರು. ಮರುವರ್ಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಸ್ಥಳಾಂತರವಾಯಿತು.

ಶಾಲೆಗೆ ಬರುವ ಮೊದಲಿನ ವರ್ಷಗಳೇ ಮಗುವಿಗೆ ಮುಖ್ಯವೆಂದು ಮನಗಂಡ ಅವರು 1837ರಲ್ಲಿ ಬ್ಯಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ಆರಂಭಿಸಿದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟಾಗ ಅವರಿಗೆ 58 ವರ್ಷ. ಮಕ್ಕಳ ಕೈಗೆ ಪುಸ್ತಕದ ಬದಲು ಕೊಟ್ಟ ಆಟಿಕೆಗಳನ್ನು ಅವರು ಉಡುಗೊರೆ ಎಂದು ಕರೆದರು. ಮೊದಲನೆಯದು ದಾರ ಕಟ್ಟಿದ ಆರು ಬಣ್ಣದ ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗೋಲ, ಘನ ಮತ್ತು ಸಿಲಿಂಡರ್. ಘನವನ್ನು ದಾರದಿಂದ ತೂಗುಬಿಟ್ಟು ಗರಗರ ತಿರುಗಿಸಿದರೆ ಅದರ ಒಳಗೆ ಸಿಲಿಂಡರ್ ಕಾಣುತ್ತದೆ. ಮಗು ಬೆರಗಾಗುತ್ತದೆ, ಮತ್ತೆ ತಿರುಗಿಸುತ್ತದೆ. ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವ ಪ್ರಯೋಗಾಲಯದಲ್ಲಿದೆ? ಮೂರನೆಯದು ಎಂಟು ತುಂಡುಗಳಾಗಿ ಬಿಡಿಸಬಹುದಾದ ಘನ. ಅದರಿಂದ ಕುರ್ಚಿ ಕಟ್ಟಬಹುದು, ಸೇತುವೆ ಕಟ್ಟಬಹುದು, ಅರ್ಧ ಕಾಲುಗಳ ಲೆಕ್ಕವನ್ನೂ ಕಲಿಯಬಹುದು. ಮಕ್ಕಳಿಗೆ ತಮ್ಮದೇ ಪುಟ್ಟ ಪಾತಿಗಳಿದ್ದವು. ಬೀಜ ಬಿತ್ತಿ, ನೀರು ಹಾಕಿ, ಮೊಳಕೆಯನ್ನು ಅವರೇ ನೋಡುತ್ತಿದ್ದರು.

ನೆನೆಸಿದ ಬಟಾಣಿಗೆ ಕಡ್ಡಿ ಚುಚ್ಚಿ ಆಕೃತಿ ಕಟ್ಟುವ ಆಟವೂ ಇತ್ತು. ಬಟಾಣಿ ಒಣಗಿದಾಗ ಕಡ್ಡಿ ಗಟ್ಟಿಯಾಗಿ ನಿಲ್ಲುತ್ತದೆ. ತ್ರಿಕೋನಗಳ ಗುಮ್ಮಟಗಳಿಗೆ ಜಗತ್ಪ್ರಸಿದ್ಧರಾದ ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ ಬಾಲ್ಯದಲ್ಲಿ ದೃಷ್ಟಿದೋಷವಿದ್ದವರು. ಕಿಂಡರ್‌ಗಾರ್ಟನ್ನಿನ ಈ ಆಟದಲ್ಲಿ ಉಳಿದ ಮಕ್ಕಳು ಚೌಕ ಕಟ್ಟುತ್ತಿದ್ದರೆ, ಇವರ ಕೈಗೆ ತ್ರಿಕೋನವೇ ಅಲುಗಾಡದೆ ನಿಲ್ಲುತ್ತದೆಂದು ತಿಳಿಯಿತಂತೆ. ಬಟಾಣಿಯೂ ಕಡ್ಡಿಯೂ ನಮ್ಮ ಬಡ ಶಾಲೆಗಳಿಗೂ ದುಬಾರಿಯಲ್ಲ.

ಇಷ್ಟು ನಿರುಪದ್ರವಿ ಕೆಲಸಕ್ಕೂ ಕುತ್ತು ಬಂತು. 1851ರ ಆಗಸ್ಟ್‌ನಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅವು ಮಕ್ಕಳಲ್ಲಿ ನಾಸ್ತಿಕತೆ, ಸಮಾಜವಾದ ಬಿತ್ತುತ್ತವೆ ಎಂಬುದು ಆರೋಪ. ಅವರ ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಬರೆದ ಕಿರುಹೊತ್ತಗೆಯನ್ನು ಅಧಿಕಾರಿಗಳು ಇವರ ತಲೆಗೆ ಕಟ್ಟಿದ್ದರು. ಪ್ರಕೃತಿಯ ಪ್ರತಿಯೊಂದು ವಸ್ತುವಿನಲ್ಲೂ ದೇವರ ನಿಯಮವನ್ನು ಕಂಡ ಪಾದ್ರಿಯ ಮಗನಿಗೆ ನಾಸ್ತಿಕನೆಂಬ ಹೆಸರು! ಅವರ ಮನವಿಗಳು ಫಲಿಸಲಿಲ್ಲ. 1852ರ ಜೂನ್ 21ರಂದು, ನಿಷೇಧ ಜಾರಿಯಲ್ಲಿರುವಾಗಲೇ ಫ್ರೋಬೆಲ್ ನಿಧನರಾದರು. ಶ್ವೈನಾ ಎಂಬ ಊರಿನಲ್ಲಿರುವ ಅವರ ಸಮಾಧಿಯ ಮೇಲೆ ಘನ, ಸಿಲಿಂಡರ್, ಗೋಲಗಳನ್ನು ಒಂದರ ಮೇಲೊಂದು ಇರಿಸಿದ್ದಾರೆ.

ಅವರಿಂದ ತರಬೇತಿ ಪಡೆದ ಮಹಿಳೆಯರು ಸುಮ್ಮನೆ ಕೂರಲಿಲ್ಲ. 1856ರಲ್ಲಿ ಅವರ ಪಾಠ ಕೇಳಿದ್ದ ಮಾರ್ಗರೆಟ್ ಶುರ್ಜ್ ಅಮೆರಿಕದ ವಾಟರ್‌ಟೌನ್‌ನಲ್ಲಿ ತಮ್ಮ ಮನೆಯಲ್ಲೇ ಕಿಂಡರ್‌ಗಾರ್ಟನ್ ತೆರೆದರು. ಪ್ರಷ್ಯಾ 1860ರಲ್ಲಿ ನಿಷೇಧವನ್ನು ಹಿಂದಕ್ಕೆ ಪಡೆಯಿತು.