ಕಾದಂಬರಿಗೆ ಪ್ಲಾನ್ ಬಿಡಿಸಿದ ಮೇಷ್ಟ್ರು

ಫಸ್ಟ್ ಇಯರ್‌ನಲ್ಲಿ ಡ್ರಾಫ್ಟರ್ ಹೊತ್ಕೊಂಡು ಓಡಾಡಿ, ಪ್ಲಾನ್, ಎಲಿವೇಶನ್ ಬಿಡಿಸಿ ಸುಸ್ತಾದವರು ನಾವು. ಸಾಹಿತ್ಯದ ಕ್ಲಾಸಿನಲ್ಲೂ ಒಬ್ಬ ಮೇಷ್ಟ್ರು ಇದೇ ಕೆಲಸ ಮಾಡ್ತಿದ್ರು ಅಂದ್ರೆ ನಂಬ್ತೀರಾ? ಅವರು ವ್ಲಾದಿಮಿರ್ ನಬೊಕೊವ್. 'ಲೋಲಿತಾ' ಕಾದಂಬರಿಯಿಂದ ಅವರ ಹೆಸರು ಕೇಳಿರುತ್ತೇವೆ. ಆದರೆ ಆ ಪುಸ್ತಕದ ದುಡ್ಡು ಬರುವ ತನಕ ಅವರ ಸಂಸಾರ ನಡೆದದ್ದು ಮೇಷ್ಟ್ರ ಸಂಬಳದಲ್ಲಿ.

1899ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ಭಾರೀ ಶ್ರೀಮಂತ ಮನೆ. ರಷ್ಯನ್ ಓದಲು ಕಲಿಯುವ ಮೊದಲೇ ಇಂಗ್ಲಿಷ್ ಓದುತ್ತಿದ್ದ ಹುಡುಗ. ಹದಿನೇಳನೇ ವಯಸ್ಸಿಗೆ ಸೋದರಮಾವನ ದೊಡ್ಡ ಎಸ್ಟೇಟು ಅವರ ಪಾಲಿಗೆ ಬಂತು. ಮರುವರ್ಷವೇ ಕ್ರಾಂತಿಯಾಗಿ ಅದೂ ಹೋಯ್ತು. 1919ರಲ್ಲಿ ಮನೆಯವರೆಲ್ಲ ಹಡಗು ಹತ್ತಿ ದೇಶ ಬಿಟ್ಟರು. ಮತ್ತೆ ಅವರು ರಷ್ಯಾಕ್ಕೆ ಕಾಲಿಡಲೇ ಇಲ್ಲ. 1922ರಲ್ಲಿ ಬರ್ಲಿನ್‌ನ ಸಭೆಯೊಂದರಲ್ಲಿ, ಇನ್ನೊಬ್ಬ ನಾಯಕನನ್ನು ಕೊಲ್ಲಲು ಬಂದವರ ಗುಂಡಿಗೆ ತಂದೆ ಬಲಿಯಾದರು. ಮುಂದೆ ಬರ್ಲಿನ್‌ನಲ್ಲೇ ಇಂಗ್ಲಿಷ್, ಟೆನಿಸ್ ಟ್ಯೂಷನ್ ಹೇಳಿಕೊಂಡು, 'ಸಿರಿನ್' ಎಂಬ ಹೆಸರಿನಲ್ಲಿ ರಷ್ಯನ್ ಕಾದಂಬರಿಗಳನ್ನು ಬರೆದರು. ಹೆಂಡತಿ ವೇರಾ ಯಹೂದಿ. ಹಿಟ್ಲರನ ಕಾಲದಲ್ಲಿ ಅಲ್ಲಿರೋದು ಹೇಗೆ? ಫ್ರಾನ್ಸಿಗೆ ಹೋದರು. 1940ರ ಮೇ ತಿಂಗಳಲ್ಲಿ, ಜರ್ಮನ್ ಸೇನೆ ಪ್ಯಾರಿಸ್ಸಿಗೆ ನುಗ್ಗುವುದಕ್ಕೆ ಕೆಲವೇ ವಾರ ಮುಂಚೆ, ಮಗನನ್ನೂ ಕರೆದುಕೊಂಡು ಅಮೆರಿಕದ ಹಡಗು ಹತ್ತಿದರು.

ಅಲ್ಲಿ ಇನ್ನೊಂದು ನಷ್ಟ. ರಷ್ಯನ್ನಿನಲ್ಲಿ ಬರೆದರೆ ಓದುವವರು ಯಾರು? ನಲವತ್ತು ದಾಟಿದ ಮೇಲೆ ತಾಯಿನುಡಿ ಪಕ್ಕಕ್ಕಿಟ್ಟು ಇಂಗ್ಲಿಷ್ ಕಾದಂಬರಿಕಾರರಾದರು. ಮೀಡಿಯಂ ಬದಲಾದಾಗ ಎಷ್ಟು ಒದ್ದಾಡ್ತೀವಿ ಅಂತ ನಮ್ಮಲ್ಲಿ ಕನ್ನಡ ಮೀಡಿಯಂನಿಂದ ಬಂದವರಿಗೆ ಗೊತ್ತು.

1948ರಿಂದ ಸುಮಾರು ಹತ್ತು ವರ್ಷ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಯುರೋಪಿನ ಕಾದಂಬರಿಗಳನ್ನು ಪಾಠ ಮಾಡಿದರು. ಉಪನ್ಯಾಸಗಳನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು ಓದಿ ಹೇಳುತ್ತಿದ್ದರು. ವೇರಾ ಕ್ಲಾಸಿನಲ್ಲೇ ಕೂತಿರುತ್ತಿದ್ದರು, ಪೇಪರ್ ತಿದ್ದುವುದರಲ್ಲೂ ಅವರ ಕೈ ಇತ್ತು. ಕಾರು ಓಡಿಸುತ್ತಿದ್ದವರೂ ಅವರೇ. ಇವರು ಡ್ರೈವಿಂಗ್ ಕಲಿಯಲೇ ಇಲ್ಲ.

ಥೀಮ್ ಏನು, ಸಂದೇಶ ಏನು ಅನ್ನೋ ಪ್ರಶ್ನೆ ಅವರಿಗೆ ಆಗ್ತಿರಲಿಲ್ಲ. ಜಾಯ್ಸ್‌ನ 'ಯೂಲಿಸಿಸ್' ಓದಬೇಕಾ? ಮೊದಲು ಡಬ್ಲಿನ್ ಊರಿನ ಮ್ಯಾಪ್ ಹಾಕಿ, ಯಾರು ಯಾವ ಬೀದಿಯಲ್ಲಿ ನಡೆದರು ಗುರುತು ಮಾಡಿ. 'ಅನ್ನಾ ಕರೆನಿನಾ'ಗೆ ಆ ಕಾಲದ ರೈಲಿನ ಸ್ಲೀಪರ್ ಬೋಗಿಯ ಚಿತ್ರ. ಅನ್ನಾ ಕೂತ ಸೀಟು ಎಲ್ಲಿತ್ತು ಗೊತ್ತಿಲ್ಲದಿದ್ದರೆ ಅವಳ ಆ ರಾತ್ರಿಯ ಪ್ರಯಾಣ ಹೇಗೆ ಕಣ್ಣಿಗೆ ಕಟ್ಟುತ್ತೆ? ಕಾಫ್ಕಾನ ಕತೆಯಲ್ಲಿ ಹುಳುವಾಗಿ ಎದ್ದ ಗ್ರೆಗರ್ ಸಾಮ್ಸಾನ ಮನೆಗೂ ಒಂದು ಪ್ಲಾನ್: ಯಾವ ರೂಮಿನ ಬಾಗಿಲು ಯಾವ ಕಡೆಗೆ ಅಂತ.

ಆ ಹುಳು ಜಿರಳೆಯಲ್ಲ ಅಂತ ಅವರ ವಾದ. ಇದನ್ನು ಹೇಳುವ ಅಧಿಕಾರ ಅವರಿಗಿತ್ತು. ಹಾರ್ವರ್ಡ್‌ನ ಮ್ಯೂಸಿಯಮ್ಮಿನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತು ನೀಲಿ ಚಿಟ್ಟೆಗಳನ್ನು ವರ್ಗೀಕರಿಸಿದವರು ಅವರು. ಆ ಚಿಟ್ಟೆಗಳು ಏಷ್ಯಾದಿಂದ ಅಲೆಅಲೆಯಾಗಿ ಅಮೆರಿಕಕ್ಕೆ ಬಂದವು ಎಂಬ ಅವರ 1945ರ ಊಹೆಯನ್ನು 2011ರಲ್ಲಿ ಡಿಎನ್‌ಎ ಪರೀಕ್ಷೆ ಸರಿ ಅಂದಿತು.

ಅವರ ಎಲ್ಲ ತೀರ್ಪನ್ನೂ ಒಪ್ಪಬೇಕಾಗಿಲ್ಲ. ದಾಸ್ತೊಯೆವ್‌ಸ್ಕಿಯನ್ನು ಸಾಧಾರಣ ಲೇಖಕ ಅಂತ ತಳ್ಳಿಹಾಕಿದ್ದು ನಮಗಂತೂ ಅನ್ಯಾಯ ಅನಿಸುತ್ತೆ. ಆದರೆ ಮನೆ, ಅಪ್ಪ, ದೇಶ, ಭಾಷೆ ಎಲ್ಲ ಕಳಕೊಂಡ ಮನುಷ್ಯ ಬಾಗಿಲು ಯಾವ ಕಡೆಗಿತ್ತು ಅಂತ ಹಟ ಹಿಡಿದು ಕೇಳಿದ್ದು ಬರೀ ಮೇಷ್ಟ್ರ ಕಿರಿಕಿರಿ ಅಂತ ನಮಗೆ ಅನಿಸೋದಿಲ್ಲ. ಕಳೆದುಹೋದ ಬಾಲ್ಯದ ಮನೆಯನ್ನೂ ತಮ್ಮ ಆತ್ಮಕಥೆಯಲ್ಲಿ ಅವರು ಕಟ್ಟಿದ್ದು ಇಂಥ ಸಣ್ಣಸಣ್ಣ ವಿವರಗಳಿಂದಲೇ.

'ಲೋಲಿತಾ' 1958ರಲ್ಲಿ ಅಮೆರಿಕದಲ್ಲಿ ಅಚ್ಚಾಗಿ ಹಣ ಬಂತು, ಮರುವರ್ಷ ಕೆಲಸ ಬಿಟ್ಟರು. ಸ್ವಂತ ಮನೆ ಮಾತ್ರ ಮಾಡಲಿಲ್ಲ. 1961ರಿಂದ 1977ರಲ್ಲಿ ತೀರಿಕೊಳ್ಳುವ ತನಕ ಸ್ವಿಟ್ಜರ್ಲೆಂಡಿನ ಮಾಂಟ್ರೊ ಊರಿನ ಹೋಟೆಲೊಂದರಲ್ಲಿ ವಾಸ. 1980ರಲ್ಲಿ ಆ ಪಾಠಗಳು ಪುಸ್ತಕವಾಗಿ ಬಂದವು, ಅವರ ಕೈಬರಹದ ಮ್ಯಾಪು, ಪ್ಲಾನುಗಳ ಸಮೇತ. ಗ್ರೆಗರನ ಉಬ್ಬು ಬೆನ್ನಿನ ಚಿಪ್ಪಿನ ಕೆಳಗೆ ರೆಕ್ಕೆಗಳಿದ್ದವು, ಪಾಪ, ಅವನಿಗೇ ಅದು ಗೊತ್ತಾಗಲಿಲ್ಲ ಎಂಬ ಅವರ ಮಾತೂ ಅದರಲ್ಲಿದೆ.